ಕೂಸಿನ ಬಾಯಿಗೊಂದು ಕಾಯ್ದೆ

ಬೆಳಗ್ಗೆ ಜಳಕ ಮುಗಿಸಿ ಅಂಗಳದ ಗುಬ್ಬಿಗಳಿಗೆ ಮುಷ್ಟಿ ಜೋಳ ಚೆಲ್ಲದ ಹೊರತು ಭಾಲ್ಕಿಯ ಚಂದ್ರಭಾಗಾ ಚಹಾ ಮುಟ್ಟುವವಳಲ್ಲ. ಜ್ವರವಿರಲಿ, ಗಂಡನೊಡನೆ ಜಗಳವಿರಲಿ, ಗುಬ್ಬಿಗಳಿಗೆ ಉಪವಾಸವಿಲ್ಲ. ಅಂದು ಹಳೆಯ ಪೇಪರಿನ ಮೇಲೆ ಜೋಳ ಹಸನು ಮಾಡುವಾಗ ಕಾಳುಗಳ ನಡುವೆ ಒಂದು ಸುದ್ದಿ ಇಣುಕಿತು: ಮಕ್ಕಳ ಹಾಲಿನ ಬಾಟಲಿ, ಹಲ್ಲು ಬರುವಾಗ ಕಡಿಯಲು ಕೊಡುವ ರಿಂಗು, ಇವುಗಳಲ್ಲಿ ವಿಷದ ರಾಸಾಯನಿಕ ಇರಬಾರದೆಂದು ಹಲವು ದೇಶಗಳಲ್ಲಿ ಕಾಯ್ದೆಗಳಿವೆ.

ದೇವರೇ ಕಾಗದ ಬರೆದಂತಾಯಿತು. ಸೊಸೆ ಮನಿಷಾ ಸೋಮವಾರದಿಂದ ಔರಾದಿನ ಸಾಲೆಗೆ ಪಾಠ ಹೇಳಲು ಮರಳಬೇಕು. ಮೊಮ್ಮಗ ಅಮೋಲನನ್ನು ಭಾಲ್ಕಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ದಿನಾ ಬಸ್ಸಿನಲ್ಲಿ ಓಡಾಡುವುದೋ, ಕೂಸನ್ನು ಕರೆದುಕೊಂಡು ಎಕಂಬಾದ ತವರಿನಲ್ಲಿ ಇರುವುದೋ? ರವಿವಾರ ತೀರ್ಮಾನ; ಕೂಸು ತನ್ನ ಹತ್ತಿರವೇ ಉಳಿಯಬೇಕೆಂಬುದು ಚಂದ್ರಭಾಗಾಳ ಆಸೆ. ಎಕಂಬಾದ ಬೀಗತಿ ಶೇವಂತಾಬಾಯಿಯ ಮನೆಯಲ್ಲಿ ಕುರಿ, ಆಕಳು, ಹಾಲು, ಮಮತೆ ಎಲ್ಲ ಇತ್ತು. ಕಾಯ್ದೆ ಮಾತ್ರ ಇರಲಿಲ್ಲ!

ಸಂಜೆಯೊಳಗೆ ಬಾಟಲಿ, ಚಮಚ, ಗಿಲಕಿ, ರಬ್ಬರಿನ ಬಾತುಕೋಳಿ ಎಲ್ಲವೂ ಅಟ್ಟಕ್ಕೆ ಗಡಿಪಾರಾದವು.

"ಇನ್ನ ಕೂಸಿಗಿ ಹಾಲು ಬೊಗಸ್ಯಾಗ ಕುಡಸ್ತೀಯೇನ?" ಎಂದ ಗಂಡ ಹಣಮಂತಪ್ಪ.

"ಬೆಳ್ಳಿ ಬಟ್ಟಲ ಅದ. ಕಾಯ್ದಾದ ನಡುವ ಬಾಯಿ ಹಾಕಬ್ಯಾಡ್ರಿ."

ಪಾಪ, ಅಮೋಲನಿಗೆ ಕಡಿಯಲು ಉಳಿದದ್ದು ಕೊರಳಿನ ಹವಳದ ಸರ ಒಂದೇ. ದೃಷ್ಟಿ ತಾಗದಿರಲೆಂದು ಚಂದ್ರಭಾಗಾ ಬೀದರ ಪೇಟೆಯಲ್ಲಿ ತಾನೇ ಆರಿಸಿ, ದೇವರ ಮುಂದಿಟ್ಟು ಕಟ್ಟಿದ್ದು. (ಮಾರಿದವನು ಅಸಲಿ ಎಂದು ದೇವರಾಣೆ ಬೇರೆ ಮಾಡಿದ್ದ.)

ರವಿವಾರ ಶೇವಂತಾಬಾಯಿ ಶೇಂಗಾ ಹೋಳಿಗೆ, ಜೊತೆಗೊಂದು ಹಲ್ಲಿನ ರಿಂಗು ತಂದಳು. ಚಂದ್ರಭಾಗಾ ಹೋಳಿಗೆಯನ್ನು ಕೈಯಲ್ಲಿ ಇಸಿದುಕೊಂಡು, ರಿಂಗಿನ ಪಾಕೀಟನ್ನು ಇಕ್ಕಳದಲ್ಲಿ ಹಿಡಿದಳು.

"ಬೀಗತ್ಯಾರ, ಇದರಾಗ ವಿಷ ಇರ್ತದ. ನಿಮ್ಮ ಊರಿಗಿ ಪೇಪರ ಬರಂಗಿಲ್ಲೇನ್ರಿ?"

"ಬರ್ತದ್ರಿ. ಅದಕ್ಕೇ ಡಾಕ್ಟರಿಗಿ ಕೇಳಿ ತಂದೀನ್ರಿ," ಎನ್ನುತ್ತ ಶೇವಂತಾಬಾಯಿ ಮೊಮ್ಮಗನನ್ನು ಎತ್ತಿಕೊಂಡಳು. "ಅಯ್ಯ, ಕೂಸಿಗಿ ಎಲಿ ಅಡಿಕಿ ತಿನಸೀರೇನ್ರಿ? ನಾಲಿಗಿ ನೋಡ್ರಿ, ಹ್ಯಾಂಗ ಕೆಂಪಗಾಗ್ಯಾದ!"

ತುಟಿ, ಗದ್ದ, ನಾಲಿಗೆ ಎಲ್ಲವೂ ಕೆಂಪು. ಮನಿಷಾ ಕೂಸಿನ ಬಾಯಿಂದ ಸರ ಎಳೆದಳು. ಜಗಿದ ಮಣಿಗಳು ಸುಣ್ಣದಂತೆ ಬೆಳ್ಳಗಾಗಿದ್ದವು.

"ಹವಳ ಬೆಳ್ಳಗಾಗ್ತಾವೇನ್ರಿ ಅತ್ತಿ?"

"ಕೂಸಿನ ದೃಷ್ಟಿ ಎಲ್ಲಾ ಎಳಕೊಂಡಾವ. ಅದಕ್ಕ ಬಣ್ಣ ಬಿಟ್ಟಾವ," ಎಂದಳು ಚಂದ್ರಭಾಗಾ. ದನಿಯಲ್ಲಿ ಮೊದಲಿನ ಬಲವಿರಲಿಲ್ಲ.

ಹಣಮಂತಪ್ಪ ಸರವನ್ನು ಬಿಚ್ಚಿಕೊಂಡು ಒಲೆಯ ಹತ್ತಿರ ಹೋಗಿ, ಸೂಜಿ ಕಾಯಿಸಿ ಒಂದು ಮಣಿಗೆ ಚುಚ್ಚಿದ. ಮನೆಯೆಲ್ಲ ಪ್ಲಾಸ್ಟಿಕ್ ಬಕೀಟು ಸುಟ್ಟ ವಾಸನೆ.

"ನಿನ್ನ ಕಾಯ್ದಾದಾಗ ಇದಕ್ಕ ಎಷ್ಟನೇ ಕಲಂ ಅದ, ನೋಡು," ಎಂದ.

ಯಾರೂ ನಗಲಿಲ್ಲ, ಅದೇ ಚಂದ್ರಭಾಗಾಳಿಗೆ ಹೆಚ್ಚು ಉರಿಯಿತು. ಅವಳ ಕಾಯ್ದೆ ಅಟ್ಟದ ತನಕ ಹತ್ತಿತ್ತು, ದೇವರ ಜಗಲಿಯ ಹತ್ತಿರ ಸುಳಿದಿರಲಿಲ್ಲ. ಮನಿಷಾ ಕೂಸಿನ ಬಾಯಿ ತೊಳೆದು, ಎಕಂಬಾಕ್ಕೆ ಹೊರಡಲು ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

ಹೊರಡುವಾಗ ಶೇವಂತಾಬಾಯಿಗೆ ಮರುಕ ಬಂತು. "ನೀವೂ ಬರ್ರಿ ಬೀಗತ್ಯಾರ. ನಾಕ ದಿನ ಕೂಸಿನ ಜೋಡಿ ಇರ್ರಿ. ನಮ್ಮ ಮನಿ ಸಾಮಾನ ಎಲ್ಲಾ ತಪಾಸ ಮಾಡಿ, ಯಾವುದು ಒಗೀಬೇಕು ಹೇಳ್ರಿ. ಬಸ್ಸಿನಾಗ ಕಿಡಕಿ ಬಾಜು ಜಾಗಾ ಹಿಡಿತೇನಿ."

ಚಂದ್ರಭಾಗಾಳ ಕಾಲು ಹೊಸ್ತಿಲ ತನಕ ಬಂದೇ ಬಿಟ್ಟಿತ್ತು. ಹಿಂತಿರುಗಿ ನೋಡಿದಳು. ಹಣಮಂತಪ್ಪ ಇನ್ನೂ ಸೂಜಿ ಹಿಡಿದು ನಿಂತಿದ್ದ. ಅವನ ಕಣ್ಣು ಈಗ ಅವಳ ತಾಳಿಸರದ ಹವಳಗಳ ಮೇಲಿತ್ತು.

ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು.

"ಬ್ಯಾಡ್ರಿ, ನೀವು ನಡೀರಿ. ನಮ್ಮ ಮನಿ ತಪಾಸನೇ ಇನ್ನಾ ಮುಗಿದಿಲ್ಲ."