ಊರು ತುಂಬ ಟ್ರೆಂ

ಹೆತ್ತ ಮಕ್ಕಳೇ ಸುಳ್ಳುಗಾರ ಎಂದರೆ ಯಾವ ಅಪ್ಪನಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ದಿವೀನೊನಿಗೂ ಏರಿತ್ತು. ಅದೂ ಸ್ವಂತ ಹುಟ್ಟೂರಿನಲ್ಲಿ, ತಾಯಿಯ ಮನೆಯ ಜಗಲಿಯ ಮೇಲೆ, ಹೆಂಡತಿ ಲುಸಿಮಾರಾಳ ಎದುರಿಗೇ!

ಇದೆಲ್ಲ ಶುರುವಾದದ್ದು ರಜೆಯ ಜಗಳದಿಂದ. ಸಂಸಾರ ಸಾವೊ ಪಾವ್ಲೊದಲ್ಲಿ. ಪ್ರತಿ ಜುಲೈ ರಜೆಗೂ ಸವಾರಿ ಸಾಂತೋಸಿನ ಕಡಲತೀರಕ್ಕೆ, ಅಂದರೆ ಅತ್ತೆಯ ಮನೆಗೆ. (ಅತ್ತೆಯವರ ಮಾತಿನ ಭೋರ್ಗರೆತದಲ್ಲಿ ಕಡಲಿನದು ಕೇಳಿಸುವುದೇ ಇಲ್ಲ.)

"ನನ್ನೂರೂ ಊರೇ! ಮಕ್ಕಳಿಗೆ ಅದರ ಪರಿಚಯ ಬೇಡ್ವಾ?" ಎಂದು ಈ ವರ್ಷ ದಿವೀನೊ ಗುಡುಗಿದ. ಕೊನೆಗೊಂದು ಘನ ಒಪ್ಪಂದವಾಯಿತು. ಅವನ ಹುಟ್ಟೂರು ಬೊಆ ಸಾಫ್ರಾ ಮಕ್ಕಳಿಗೆ ಹಿಡಿಸಿದರೆ ಇನ್ನು ಮೇಲೆ ರಜೆಯೆಲ್ಲ ಅಲ್ಲೇ. ಹಿಡಿಸದಿದ್ದರೆ ಅವನು ಆ ಊರಿನ ಹೆಸರೆತ್ತುವ ಹಾಗಿಲ್ಲ.

ಕಾರು ಹೊರಟದ್ದೇ ತಡ, ಪ್ರಚಾರ ಶುರು. "ನಮ್ಮೂರಲ್ಲಿ ಎಂಥೆಂಥ ಟ್ರೆಂ ಇದೆ ಗೊತ್ತೇನ್ರೋ! ಅಜ್ಜಿ ಮನೆ ತುಂಬ ಟ್ರೆಂ, ಹೊಲದ ತುಂಬ ಟ್ರೆಂ!"

ಎಡವಟ್ಟಾದದ್ದು ಇಲ್ಲೇ. ಪೋರ್ಚುಗೀಸಿನಲ್ಲಿ ಟ್ರೆಂ ಎಂದರೆ ರೈಲು. ಆದರೆ ದಿವೀನೊನ ಗೊಯಾಸ್ ಸೀಮೆಯವರಿಗೆ ಕಣ್ಣಿಗೆ ಬಿದ್ದದ್ದೆಲ್ಲ ಟ್ರೆಂ. ಚಮಚವೂ ಟ್ರೆಂ, ಹಸುವೂ ಟ್ರೆಂ, ಹೊಟ್ಟೆನೋವೂ ಟ್ರೆಂ. ಊರಿನ ನೆನಪಾದೊಡನೆ ದಿವೀನೊನ ನಾಲಿಗೆ ಊರ ಮಾತಿಗೆ ಜಾರಿತ್ತು. ಹಿಂದಿನ ಸೀಟಿನಲ್ಲಿದ್ದ ಮಗ ಒತಾವಿಯೊ, ಮಗಳು ಇಸಿಸ್ ಇಬ್ಬರೂ ಮಹಾನಗರದ ಕೂಸುಗಳು, ಮೇಲಾಗಿ ರೈಲಿನ ಹುಚ್ಚರು. ಅವರಿಗೆ ಕೇಳಿಸಿದ್ದು ರೈಲೇ.

ಊರು ತಲುಪಿದ ಮರುದಿನ ಬೆಳಿಗ್ಗೆಯೇ ಮೆಕ್ಕೆಜೋಳದ ಹೊಲಕ್ಕೆ ಕರೆದೊಯ್ದು ಕಟಾವು ಯಂತ್ರ ತೋರಿಸಿದ. "ನೋಡ್ರೋ, ಎಂಥಾ ಟ್ರೆಂ!"

"ಇದಕ್ಕೆ ಹಳಿ ಎಲ್ಲಪ್ಪಾ?" ಎಂದ ಒತಾವಿಯೊ.

ಮಧ್ಯಾಹ್ನ ಅಜ್ಜಿ ಜೊವೆಲೀನಾ ಎಳೆಯ ಜೋಳ ರುಬ್ಬಿ, ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ ಬಿಸಿಬಿಸಿ ಪಮೊನ್ಯ ತಂದಿಟ್ಟಳು. "ತಿನ್ನು ಪುಟ್ಟೀ, ಇಂಥಾ ಟ್ರೆಂ ಎಲ್ಲೂ ಸಿಗಲ್ಲ" ಎಂದು ದಿವೀನೊ ಉಪಚಾರ ಮಾಡಿದ.

ಇಸಿಸ್ ಗೋಳೋ ಎಂದು ಅತ್ತಳು. "ನಂಗೆ ತಿನ್ನೋ ಟ್ರೆಂ ಬೇಡ! ಓಡೋ ಟ್ರೆಂ ಬೇಕು!"

"ಅಗೋ, ಓಡ್ತಿದೆಯಲ್ಲ!" ದಿವೀನೊ ಕೋಳಿ ತೋರಿಸಿದ.

"ಅಪ್ಪ ಸುಳ್ಳುಗಾರ!" ಮಕ್ಕಳಿಬ್ಬರೂ ಒಟ್ಟಿಗೆ ಕಿರುಚಿದರು.

"ಈ ಊರು ಭಾರಿ ಹಿಡಿಸಿರೋ ಹಾಗಿದೆ" ಎಂದಳು ಲುಸಿಮಾರಾ, ಪಮೊನ್ಯ ಬಿಚ್ಚುತ್ತಾ.

ದಿವೀನೊ ಕೆಂಡವಾದ. "ಕೇಳಿಸ್ಕೊಳ್ಳಿ! ಈ ಊರಲ್ಲಿ ರೈಲಿಲ್ಲ! ಹಿಂದೆ ಇರಲಿಲ್ಲ, ಮುಂದೆ ಬರೋದೂ ಇಲ್ಲ! ಇದೇ ಕೆಂಪು ಮಣ್ಣಲ್ಲಿ ಹೊರಳಾಡಿ ಬೆಳೆದವನು ನಾನು. ಇಂಚಿಂಚೂ ಗೊತ್ತು ನಂಗೆ!"

"ಅಯ್ಯೋ ಮಗನೇ," ಅಜ್ಜಿ ನಡುವೆ ಬಾಯಿ ಹಾಕಿದಳು, "ಗೋದಾಮಿನಾಚೆ ಟ್ರೆಂ ಬಂದಿದೆಯಲ್ಲೋ."

"ಯಾವ ಟ್ರೆಂ ಅಮ್ಮಾ? ಲಾರೀನಾ?"

"ಟ್ರೆಂ ಕಣೋ!"

"ಅದೇ, ಎಂಥಾ ಟ್ರೆಂ? ಅದಕ್ಕೊಂದು ಹೆಸರಿಲ್ವಾ?"

"ಟ್ರೆಂ ಅಂದ್ರೆ ಟ್ರೆಂ! ಕೂ ಅನ್ನುತ್ತೆ, ಹಳಿ ಮೇಲೆ ಹೋಗುತ್ತೆ! ನೀನು ಈ ಕಡೆ ತಲೆ ಹಾಕಿದ್ರೆ ತಾನೇ ಗೊತ್ತಾಗೋದು? ಮಗನ ಮುಖ ನೋಡ್ಬೇಕಂದ್ರೆ ಪ್ರತಿಸಲ ನಾನೇ ಬಸ್ ಹತ್ತಿ ಬರ್ಬೇಕು!"

ಮಾತು ನಿಜವಾಗಿತ್ತು, ಅದಕ್ಕೇ ದಿವೀನೊನಿಗೆ ಚುರುಕ್ಕೆಂದಿತು.

ಸಂಜೆ ಅಜ್ಜಿ ದಾರಿ ಹೇಳಿದಳು, ಇಂಚಿಂಚೂ ಬಲ್ಲ ಮಗ ಕಾರು ಓಡಿಸಿದ. ಗೋದಾಮುಗಳ ಹಿಂದೆ, ಜೋಳ ತುಂಬಿಕೊಂಡ ಗೂಡ್ಸ್ ರೈಲು ಆಗಷ್ಟೇ ಹೊರಡುತ್ತಿತ್ತು. ಬೋಗಿಯ ಹಿಂದೆ ಬೋಗಿ, ಕೊನೆಯೇ ಕಾಣದು. ಮಕ್ಕಳು ಕುಣಿದರು. ಇಸಿಸ್ ಅಜ್ಜಿಗೆ ಮುತ್ತಿಟ್ಟಳು.

"ಹೇಳಿ, ಊರು ಹಿಡಿಸ್ತಾ?" ದಿವೀನೊ ಹೆಂಡತಿಯತ್ತ ನೋಡುತ್ತಾ ಎದೆಯುಬ್ಬಿಸಿದ.

"ಹೂಂ! ಅಜ್ಜೀ, ಈ ರೈಲು ಎಲ್ಲಿಗೆ ಹೋಗುತ್ತೆ?" ಕೇಳಿದ ಒತಾವಿಯೊ.

"ಸಾಂತೋಸಿಗೆ ಕಂದಾ, ಬಂದರಿಗೆ. ಅಲ್ಲಿ ಹಡಗಿಗೆ ತುಂಬ್ತಾರೆ."

ಮಕ್ಕಳು ಮುಖ ಮುಖ ನೋಡಿಕೊಂಡರು.

"ಸಾಂತೋಸಿಗಾ! ಹಾಗಾದ್ರೆ ಅಮ್ಮಮ್ಮನ ಊರಲ್ಲೇ ನೋಡ್ಬಹುದು!"

"ಹಡಗೂ ನೋಡ್ಬಹುದು! ಸಮುದ್ರಾನೂ ಇದೆ!"

"ಅಪ್ಪಾ, ಮುಂದಿನ ರಜೆಗೆ ಅಲ್ಲಿಗೇ ಹೋಗೋಣ! ಅಜ್ಜೀನೂ ಕರ್ಕೊಂಡು!"

ದಿವೀನೊ ಆಸರೆಗಾಗಿ ತಾಯಿಯತ್ತ ತಿರುಗಿದ. ಆಕೆ ಆಗಲೇ ಸೊಸೆಯ ತೋಳು ಹಿಡಿದಿದ್ದಳು.

"ನಾನು ಸಮುದ್ರಾನೇ ನೋಡಿಲ್ಲ ಕಣೇ ಲುಸಿಮಾರಾ. ನಿಮ್ಮಮ್ಮಂಗೆ ಹೇಳು, ಬರ್ತೀನಿ."

ಅಷ್ಟೂ ಬೋಗಿ ದಾಟಿ ಹೋಗುವ ತನಕ ದಿವೀನೊ "ಹಾಳಾದ ಟ್ರೆಂ!" ಎಂದು ಗೊಣಗುತ್ತಲೇ ಇದ್ದ.