ಮಂಡಿಯೂರಿದ ಮೇಲೆ ಏಳುವ ಪ್ರಶ್ನೆ

ಭಕ್ತಿ ಹೃದಯದಲ್ಲಿ ಇರುತ್ತದೆ ಎಂದು ನಮ್ಮ ಫಾದರ್ ಭಾನುವಾರದ ಪ್ರಸಂಗದಲ್ಲಿ ಆಗಾಗ ಹೇಳುತ್ತಾರೆ. ಅವರಿನ್ನೂ ಚಿಕ್ಕ ವಯಸ್ಸಿನವರು, ಹೇಳಲಿ ಬಿಡಿ. ಅರವತ್ತು ದಾಟಿದ ನನ್ನಂಥವನನ್ನು ಕೇಳಿದರೆ ಭಕ್ತಿ ಇರುವುದು ಮಂಡಿಯಲ್ಲಿ. ಹೃದಯ ಒಳಗಿನ ಸಾಮಾನು, ಅದರಲ್ಲಿ ಏನಿದೆ ಏನಿಲ್ಲ ಎಂದು ಪಕ್ಕದವನಿಗೂ ಕಾಣುವುದಿಲ್ಲ. ಮಂಡಿ ಹಾಗಲ್ಲ. ಚರ್ಚಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಮೌನವಾಗಿರುವ ಹೊತ್ತಿಗೆ ಅದು ‘ಕಟಕ್’ ಎಂದರೆ ಹಿಂದಿನ ಗೋಡೆಯವರೆಗೂ ಕೇಳಿಸುತ್ತದೆ. ಕೇಳಿಸಿಕೊಂಡವರು ನಗುವುದಿಲ್ಲ, ಅಯ್ಯೋ ಪಾಪ ಎನ್ನುತ್ತಾರೆ. ನಕ್ಕಿದ್ದರೇ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹರಿಹರದಿಂದ ಸಾರಥಿ ಎಂಬ ಊರಿನ ಕಡೆಯ ಬಸ್ಸು ಹಿಡಿದು, ಇಳಿದು, ಗದ್ದೆಗಳ ನಡುವೆ ಒಂದಷ್ಟು ನಡೆದರೆ ನಮ್ಮೂರು. ಕ್ರೈಸ್ತರ ಮನೆಗಳು ಒಂದು ಓಣಿಯಲ್ಲಿ ಮುಗಿದುಹೋಗುತ್ತವೆ; ಮಿಕ್ಕ ಊರೆಲ್ಲ ಹಿಂದೂ ರೈತರದು. ಚರ್ಚಿನಲ್ಲಿ ಬೆಂಚುಗಳಿಲ್ಲ. ನೆಲಕ್ಕೆ ಜಮಖಾನ ಹಾಸಿರುತ್ತೇವೆ, ಎಡಗಡೆ ಗಂಡಸರು, ಬಲಗಡೆ ಹೆಂಗಸರು, ನಡುವೆ ಓಡಾಡಲು ದಾರಿ. ಕ್ರಿಸ್‌ಮಸ್ಸಿಗೆ, ಮದುವೆಗೆ, ಮಣ್ಣಿಗೆ ಇಡೀ ಊರು ಬಂದು ಕೂರುತ್ತದೆ. ಬಂದವರಿಗೆ ಇರುವ ಕಷ್ಟ ಒಂದೇ: ನಮ್ಮ ಪೂಜೆಯಲ್ಲಿ ಒಮ್ಮೆ ಕೂರಬೇಕು, ಒಮ್ಮೆ ಏಳಬೇಕು, ಒಮ್ಮೆ ಮಂಡಿಯೂರಬೇಕು. ಯಾವಾಗ ಯಾವುದು ಎಂದು ತಿಳಿಯಬೇಕಲ್ಲ! ನಿಜ ಹೇಳಬೇಕೆಂದರೆ ನಮ್ಮವರಿಗೂ ಎಲ್ಲರಿಗಿಂತ ಮೊದಲು ಏಳುವ ಧೈರ್ಯ ಇಲ್ಲ. ಹಾಗಾಗಿ ಎಲ್ಲರೂ ಗಂಡಸರ ಮೊದಲ ಸಾಲಿನಲ್ಲಿ, ದಾರಿಯ ಅಂಚಿಗೆ ಕೂರುವ ಒಬ್ಬ ಮನುಷ್ಯನನ್ನು ನೋಡಿಕೊಂಡು ಏಳುತ್ತಾರೆ, ಕೂರುತ್ತಾರೆ. ಆ ಮನುಷ್ಯ ಇನ್ನಾಸಪ್ಪ, ಅಂದರೆ ನಾನು.

ಈ ಅಧಿಕಾರವನ್ನು ನನಗೆ ಯಾರೂ ಕೊಟ್ಟದ್ದಲ್ಲ. ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ದಾವಣಗೆರೆ, ಹರಿಹರ, ನಂದಿಗುಡಿ ಎಂದು ಜೀವಮಾನವಿಡೀ ನಿಂತುಕೊಂಡೇ ಓಡಾಡಿದೆ. "ಮುಂದೆ ಹೋಗ್ರಿ, ಒಳಗ ಜಾಗ ಐತೆ, ಕೂಡ್ರಿ, ಏಳ್ರಿ" ಎಂದು ಜನರಿಗೆ ಹೇಳುವುದೇ ನನ್ನ ಉದ್ಯೋಗವಾಗಿತ್ತು. ಅದನ್ನೇ ದೇವರ ಮುಂದೆ ಬಾಯಿ ಬಿಡದೆ ಮಾಡುವುದು ಕಷ್ಟವೇನಲ್ಲ. ಆದರೆ ಒಂದು ಗುಟ್ಟು ಇದೆ, ನಿಮ್ಮಲ್ಲೇ ಇರಲಿ. ಪ್ರಸಂಗ ಶುರುವಾದರೆ ನನ್ನ ಮನಸ್ಸು ಬಸ್ಸು ಹತ್ತಿಬಿಡುತ್ತದೆ. ನಂದಿಗುಡಿಯಲ್ಲಿ ಇಳಿಯಬೇಕಿದ್ದ ಅಜ್ಜಿಯನ್ನು ಅವತ್ತು ಇಳಿಸಿದೆನೋ, ಮುಂದಿನ ಸ್ಟಾಪಿಗೆ ಹೊತ್ತೊಯ್ದೆನೋ ಎಂದು ಎಂದೋ ಮುಗಿದ ಕಥೆಯನ್ನು ಯೋಚಿಸುತ್ತ ಕೂತಿರುತ್ತೇನೆ. ಅದಕ್ಕೇ ದಾರಿಯ ಆಚೆ, ಹೆಂಗಸರ ಮೊದಲ ಸಾಲಿನ ಅಂಚಿನಲ್ಲಿ ಕೂರುವ ನನ್ನ ಹೆಂಡತಿ ಲೂರ್ದಮ್ಮನ ಸೆರಗಿನ ಮೇಲೆ ಒಂದು ಓರೆಗಣ್ಣು ಇಟ್ಟಿರುತ್ತೇನೆ. ಸೆರಗು ಮೇಲೆದ್ದರೆ ನಾನೂ ಏಳುತ್ತೇನೆ. ನಾನು ಎದ್ದರೆ ಚರ್ಚು ಏಳುತ್ತದೆ. ಹೀಗೆ ವ್ಯವಸ್ಥೆ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಅದಕ್ಕೆ ಕಲ್ಲು ಹಾಕಿದ್ದು ನನ್ನ ಮಂಡಿಗಳೇ. ಲೂರ್ದಮ್ಮ ನನ್ನನ್ನು ದಾವಣಗೆರೆಯ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಮಂಡಿಯ ಎಕ್ಸ್-ರೇ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೆ?" ಎಂದರು. ಕಂಡಕ್ಟರ್ ಎಂದೆ. "ಹಂಗಾದ್ರ ಅರ್ಧ ಮಂಡಿ ಸರಕಾರಕ್ಕ ಕೊಟ್ಟೀರಿ. ಉಳಿದರ್ಧ ಎಲ್ಲಿ ಹೋತು?" ಎಂದು ಕೇಳಿದರು. "ಚರ್ಚಿಗೆ ಹೋತ್ರಿ" ಎಂದು ಲೂರ್ದಮ್ಮ ನನಗಿಂತ ಮೊದಲು ಹೇಳಿದಳು. ಇನ್ನು ಮೇಲೆ ನೆಲದಲ್ಲಿ ಕೂರಬಾರದು, ಮಂಡಿಯಂತೂ ಊರಲೇಬಾರದು, ಕುರ್ಚಿ ಬಳಸಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಹೊರಗೆ ಬಂದು ಬೆಣ್ಣೆದೋಸೆ ತಿನ್ನಲು ಹೋದೆವು. ಎರಡನೆಯ ದೋಸೆಗೂ ನನಗೆ ಸಮಾಧಾನವಾಗಲಿಲ್ಲ.

ಕುರ್ಚಿ ಎಂದರೆ ಏನು ಎಂದು ನಿಮಗೆ ಗೊತ್ತಿಲ್ಲ. ನಮ್ಮ ಚರ್ಚಿನ ಹಿಂಬದಿ ಗೋಡೆಗೆ ಆನಿಸಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲೊಂದಿದೆ. ಅಲ್ಲಿ ಕೂರುವವರು ಭಕ್ತಿಯಿಂದ ರಿಟೈರ್ ಆದವರು. ಏಳುವ ಹಾಗಿಲ್ಲ, ಊರುವ ಹಾಗಿಲ್ಲ. ಪರಮಪ್ರಸಾದವೂ ಅವರಿದ್ದಲ್ಲಿಗೇ ಬರುತ್ತದೆ. ಆ ಸಾಲಿನ ಹಿರಿಯ ಚೌರಪ್ಪಜ್ಜ. ಪ್ರತಿ ಭಾನುವಾರ ಬಾಗಿಲಲ್ಲಿ ನನ್ನ ಕೈ ಹಿಡಿದು, "ಬಾರೋ ಇನ್ನಾಸಿ, ಇಲ್ಲಿ ಫ್ಯಾನ್ ಗಾಳಿ ಚಲೋ ಬರ್ತೈತೆ. ಪ್ರಸಂಗನೂ ಅಷ್ಟಾಗಿ ಕೇಳ್ಸಲ್ಲ" ಎಂದು ಆಸೆ ತೋರಿಸುತ್ತಿದ್ದ. ನಾನು ಕೈ ಬಿಡಿಸಿಕೊಂಡು ಮುಂದಿನ ಸಾಲಿಗೆ ನಡೆಯುತ್ತಿದ್ದೆ.

ಇಷ್ಟರಲ್ಲಿ ಮಗಳು ಸ್ಟೆಲ್ಲಾಳ ಮದುವೆ ಗೊತ್ತಾಯಿತು. ಬೀಗರು ಆವರಗೆರೆಯವರು, ಒಳ್ಳೆಯ ಜನ. ಇರುವವಳು ಒಬ್ಬಳೇ ಮಗಳು. ಅವಳ ಮದುವೆಯ ದಿನ ಅಪ್ಪನಾದವನು ಹಿಂದಿನ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿರುವುದೇ? ಅವಳು ತಲೆ ಎತ್ತಿದರೆ ನಾನು ಎದುರಿಗೆ ಕಾಣಬೇಕು. ಅದೊಂದು ಆಸೆ ನನಗೆ. ಲೂರ್ದಮ್ಮ ಬೇಡಿಕೊಂಡಳು, ಬೈದಳು, ಕೊನೆಗೆ, "ಮುಂದನ ಕೂಡ್ರಿ, ಯಾರ್ ಬ್ಯಾಡ ಅಂದ್ರು? ಮುಂದನ ಒಂದು ಕುರ್ಚಿ ಹಾಕಸ್ತೀನಿ" ಎಂದಳು. "ನಾನು ಕುರ್ಚಿ ಬಿಟ್ಟು ಏಳದಿದ್ರೆ ಊರೋರು ಯಾರೂ ಏಳಲ್ಲ, ಬೀಗರ ಮುಂದ ಮರ್ಯಾದೆ ಹೋಗ್ತೈತೆ" ಎಂದು ನಾನು ವಾದ ಮಾಡಿದೆ. ಅವಳು ನನ್ನ ಮುಖವನ್ನು ಒಂದು ಥರ ನೋಡಿ ಒಳಗೆ ಹೋದಳು. ನಾನು ಗೆದ್ದೆನೆಂದುಕೊಂಡೆ.

ಮದುವೆಯ ದಿನ ಚರ್ಚು ತುಂಬಿ ಹೊರಗಿನ ಚಪ್ಪರಕ್ಕೂ ಜನ ಹರಡಿದ್ದರು. ಮದುಮಕ್ಕಳು ಪೀಠದ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ಕೂತಿದ್ದರು. ನನ್ನ ಹಿಂದೆಯೇ ಹಾಲೇಶಪ್ಪ ಕೂತಿದ್ದ. ನನ್ನ ಬಸ್ಸಿನ ಡ್ರೈವರ್ ಆಗಿದ್ದವನು. ನನ್ನ ಸೀಟಿಯ ಅರ್ಥ ಅವನಷ್ಟು ತಿಳಿದವರಿಲ್ಲ. ಹೊಸ ಪಂಚೆ, ಹಣೆಗೆ ವಿಭೂತಿ, ಕೈ ಮುಗಿದುಕೊಂಡು ಗಂಭೀರವಾಗಿ ಕೂತಿದ್ದ. ಫಾದರ್ ಶುಭಸಂದೇಶ ಓದುವಾಗ ಎದ್ದೆ, ಎಲ್ಲರೂ ಎದ್ದರು. ಪ್ರಸಂಗಕ್ಕೆ ಕೂತೆ, ಎಲ್ಲರೂ ಕೂತರು. ಸ್ಟೆಲ್ಲಾ ‘ಒಪ್ಪಿಗೆ’ ಎನ್ನುವಾಗ ಕಣ್ಣು ಒರೆಸಿಕೊಂಡೆ. ಆಮೇಲೆ ಫಾದರ್ ರೊಟ್ಟಿಯನ್ನು ಎತ್ತಿ ಹಿಡಿಯುವ ಹೊತ್ತು ಬಂತು, ಗಂಟೆ ಬಡಿಯಿತು. ಡಾಕ್ಟರನ್ನು ಮನಸ್ಸಿನಲ್ಲೇ ನೆನೆದು ಮಂಡಿಯೂರಿಯೇಬಿಟ್ಟೆ. ಹಿಂದೆ ಇಡೀ ಸಭೆ ಧಬಧಬನೆ ಮಂಡಿಯೂರಿತು. ಆಹಾ, ಏನು ಹೆಮ್ಮೆ!

ಊರುವುದು ಸುಲಭ. ಏಳಬೇಕಾದಾಗ ತಿಳಿಯಿತು, ಮಂಡಿಗಳು ನನ್ನವಲ್ಲ. ಎಡಗಾಲು ಎತ್ತಲು ನೋಡಿದೆ, ಬರಲಿಲ್ಲ. ಬಲಗಾಲು ಮೊದಲೇ ಮುಷ್ಕರ ಹೂಡಿತ್ತು. ಹಿಡಿದು ಏಳೋಣವೆಂದರೆ ಮೊದಲ ಸಾಲಿನ ಮುಂದೆ ಏನಿದೆ? ಬರೀ ನೆಲ, ಅದರಾಚೆ ದೇವರು. ಹಿಂದೆ, ಪಕ್ಕದಲ್ಲಿ ಯಾರಾದರೂ ಎದ್ದ ಸದ್ದು ಬರುತ್ತದೋ ಎಂದು ಕಿವಿ ಕೊಟ್ಟೆ. ಒಂದು ಬಳೆಯ ಸದ್ದೂ ಇಲ್ಲ! ಇಡೀ ಚರ್ಚು ನನ್ನ ಜೊತೆ ಮಂಡಿಯೂರಿಕೊಂಡೇ ಇತ್ತು. ಫಾದರ್ ತಲೆ ಎತ್ತಿ ನೋಡಿ ಒಂದು ಕ್ಷಣ ತಬ್ಬಿಬ್ಬಾದರು. ನಿಂತು ಹೇಳಬೇಕಾದ ಪರಲೋಕ ಮಂತ್ರವನ್ನು ಬೀಗರ ಸಮೇತ ಎಲ್ಲರೂ ಮಂಡಿಯ ಮೇಲೆಯೇ ಹೇಳಿದೆವು. "ದೇವರೇ, ನನ್ನನ್ನೊಬ್ಬನನ್ನು ಎಬ್ಬಿಸಪ್ಪ" ಎಂದು ನಾನು ಒಳಗೇ ಸೇರಿಸಿಕೊಂಡೆ. ಅಷ್ಟು ಮನಸ್ಸಿಟ್ಟು ನಾನು ಪ್ರಾರ್ಥನೆ ಮಾಡಿದ್ದು ಅದೇ ಮೊದಲು.

ಆಮೇಲೆ ಒಬ್ಬರಿಗೊಬ್ಬರು ಸಮಾಧಾನ ಕೋರುವ ಹೊತ್ತು. ನಾವು ಕೈ ಮುಗಿದು ಸುಮ್ಮನಾಗುತ್ತೇವೆ. ಹಾಲೇಶಪ್ಪ ಮಾತ್ರ ಮಂಡಿಯಲ್ಲೇ ತೆವಳಿಕೊಂಡು ನನ್ನ ಪಕ್ಕಕ್ಕೆ ಬಂದು, ತನ್ನ ಸ್ಟೇರಿಂಗ್ ಕೈಯನ್ನು ನನ್ನ ಮುಂದೆ ಚಾಚಿದ. "ಸಮಾಧಾನ ಇರ್ಲಪ್ಪ ಇನ್ನಾಸಿ" ಎಂದವನು, ಕೈ ಹಿಡಿದ ಮೇಲೆ ಕಿವಿಯಲ್ಲಿ, "ಗಾಡಿ ಕೆಟ್ಟೈತೇನು? ಎಳೀತೀನಿ, ರೈಟ್?" ಎಂದ. "ರೈಟ್" ಎಂದೆ. ಅವನು ಎದ್ದು ಒಂದೇ ಸಲಕ್ಕೆ ನನ್ನನ್ನು ಎತ್ತಿ ನಿಲ್ಲಿಸಿದ. ಮಂಡಿ ಎರಡು ಸಲ ಕಟಕ್ ಎಂದಿತು. ಚರ್ಚು ದಡಬಡನೆ ಎದ್ದು ನಿಂತಿತು. ಸ್ಟೆಲ್ಲಾ ತಲೆ ಎತ್ತಿ ನೋಡಿದಳು. ನಾನು ಎದುರಿಗೇ ಇದ್ದೆ, ನಿಂತಿದ್ದೆ.

ಪೂಜೆ ಮುಗಿದ ಮೇಲೆ ಫಾದರ್ ಮೈಕಿನಲ್ಲೇ, "ಇಷ್ಟು ಭಕ್ತಿಯ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ" ಎಂದರು. ಬೀಗರು ಬಂದು ಕೈ ಮುಗಿದರು. ಊಟದ ಪಂಕ್ತಿಯಲ್ಲಿ ನಾನು ಹಾಲೇಶಪ್ಪನ ಪಕ್ಕ ಕುರ್ಚಿ ಎಳೆದುಕೊಂಡು ಎದೆ ಉಬ್ಬಿಸಿ, "ನೋಡಿದ್ಯಾ? ನಾನು ಏಳೋತನಕ ಒಬ್ರಾದ್ರೂ ಎದ್ರಾ?" ಎಂದೆ.

ಹಾಲೇಶಪ್ಪ ಬೂಂದಿ ಅಗಿಯುವುದನ್ನು ನಿಲ್ಲಿಸಿದ. "ನಿನ್ನ ಯಾರ್ ನೋಡ್ತಾರಲೇ? ನಾವೆಲ್ಲ ಅಕ್ಕಾರ ಸೆರಗು ನೋಡ್ಕಂಡು ಏಳೋದು. ನೀನು ಯಾವಾಗ್ಲೂ ಒಂದು ಸ್ಟಾಪ್ ಲೇಟು. ಇವತ್ತು ಅಕ್ಕಾರು ಏಳ್ಲಿಲ್ಲ, ನಾವೂ ಏಳ್ಲಿಲ್ಲ."

ನಾನು ಪಾಯಸದ ಲೋಟವನ್ನು ಆಚೆ ಸರಿಸಿದೆ. ಮಗಳನ್ನು ಕಳಿಸಿಕೊಟ್ಟು, ಅತ್ತು, ಮುಖ ತೊಳೆದುಕೊಂಡು ಬಂದ ಲೂರ್ದಮ್ಮನನ್ನು ಮೂಲೆಯಲ್ಲಿ ಹಿಡಿದು ಕೇಳಿದೆ. "ಊರೆಲ್ಲ ನಿನ್ನ ನೋಡ್ತೈತಂತೆ, ನಿನಗ ಗೊತ್ತಿತ್ತೇನು? ಮತ್ತೆ ನೀನ್ಯಾಕ ಏಳ್ಲಿಲ್ಲ?" ಅವಳು ನನ್ನ ಮಂಡಿಗೆ ಎಣ್ಣೆ ಹಚ್ಚಲು ಬಟ್ಟಲು ಎತ್ತಿಕೊಂಡು, ಏನೂ ದೊಡ್ಡದಲ್ಲ ಎಂಬಂತೆ ಹೇಳಿದಳು: "ಗೊತ್ತಿಲ್ದೇ ಏನು? ನೀವೊಬ್ರೇ ಕೆಳಗಿದ್ರ ಬಿದ್ದಂಗ ಕಾಣ್ತಿತ್ತು. ಎಲ್ಲಾರೂ ಕೆಳಗಿದ್ರ ಪ್ರಾರ್ಥನೆ ಅಂತ ಆಗ್ತೈತೆ."

ನನಗೆ ಅಳು ಬಂತು. ಎಣ್ಣೆಯ ಬಿಸಿ ಜಾಸ್ತಿಯಾಯಿತು ಎಂದು ಸುಳ್ಳು ಹೇಳಿದೆ.

ಮುಂದಿನ ಭಾನುವಾರ ಯಾರೂ ಹೇಳದೆ ನಾನಾಗಿಯೇ ಹೋಗಿ ಹಿಂದಿನ ಕೆಂಪು ಕುರ್ಚಿಯಲ್ಲಿ ಕೂತೆ. ಚೌರಪ್ಪಜ್ಜ ಫ್ಯಾನಿನ ಕಡೆಗೆ ಜಾಗ ಮಾಡಿಕೊಟ್ಟ. ನಿಜಕ್ಕೂ ಗಾಳಿ ಚೆನ್ನಾಗಿತ್ತು. ಶುಭಸಂದೇಶದ ಹೊತ್ತಿಗೆ ಲೂರ್ದಮ್ಮನ ಸೆರಗು ಮೇಲೆದ್ದಿತು, ಇಡೀ ಚರ್ಚು ಎದ್ದಿತು. ಹಳೆಯ ಅಭ್ಯಾಸ ಎಲ್ಲಿ ಬಿಡುತ್ತದೆ? ಗೋಡೆ ಹಿಡಿದುಕೊಂಡು, ಒಂದು ಸ್ಟಾಪ್ ತಡವಾಗಿ, ನಾನೂ ಎದ್ದೆ. ಮಂಡಿ ಕಟಕ್ ಎಂದಿತು. ಆ ಸದ್ದು ಅವಳಿಗೆ ಗೊತ್ತಾಗದೇ ಇರುತ್ತದೆಯೇ? ತಟ್ಟನೆ ಹಿಂದಕ್ಕೆ ತಿರುಗಿ ಕಣ್ಣು ಕೆಂಪಗೆ ಮಾಡಿ, ‘ಕೂಡ್ರಿ ಸುಮ್ನೆ’ ಎಂದು ಅಂಗೈ ಕೆಳಗೆ ಒತ್ತಿ ಸನ್ನೆ ಮಾಡಿದಳು.

ಇಡೀ ಚರ್ಚು ಕೂತಿತು. ಕಂಗಾಲಾಗಿ ನಿಂತಿದ್ದ ಲೂರ್ದಮ್ಮ, ಪುಸ್ತಕ ಹಿಡಿದು ನಿಂತಿದ್ದ ಫಾದರ್, ಇವರಿಬ್ಬರನ್ನು ಬಿಟ್ಟರೆ ಅವಳ ಮಾತು ಕೇಳದೆ ಅಲ್ಲಿ ನಿಂತಿದ್ದವನು ನಾನೊಬ್ಬನೇ. ಅದೂ, ಮಂಡಿ ಈ ಸಲ ಬಗ್ಗಲು ಒಪ್ಪದಿದ್ದದ್ದರಿಂದ.