ಮೇಷ್ಟ್ರ ಜೀಪು ಮೇಲೆದ್ದ ಮೇಲೆ

ಸವಳಂಗ ರಸ್ತೆಯಲ್ಲಿ ಗ್ಯಾರೇಜ್ ಇಟ್ಟ ಮೇಲೆ ನಾನು ನಗೋಕೆ ಬೇರೆಲ್ಲೂ ಹೋಗಿಲ್ಲ. ಗಿರಾಕಿಗಳೇ ಗಾಡಿ ಜೊತೆ ನಗೂನೂ ತಂದು ನಿಲ್ಲಿಸ್ತಾರೆ. ವಿದ್ಯಾನಗರದ ಮೇಷ್ಟ್ರೊಬ್ಬರಿಗೆ ಭದ್ರಾವತಿಯ ಮಾವ ತಮ್ಮ ಹಳೇ ಜೀಪು ಕೊಟ್ಟಿದ್ದರು. ಮಾವ ರಿಟೈರ್ಡ್ ಫಿಟರ್, ಅದನ್ನ ಮಗಳ ಥರಾನೇ ಸಾಕಿದ್ದರು. ಅಳಿಯನಿಗೆ ಮಾತ್ರ ಜೀಪಿನ ಎತ್ತರ ಸಾಲಲಿಲ್ಲ.

೧. ಹತ್ತೋದು

ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳಿಗೆ ಇನ್ನೆರಡೆರಡು ಸೇರಿಸಿ, ಮುಂದೂ ಎತ್ತರಿಸಿ, ದೊಡ್ಡ ಟೈರು ಹಾಕಿಕೊಟ್ಟೆ. "ಆನೆ ನಿಂತ ಹಾಗಿದೆ ಮಾರಾಯ!" ಅಂದ್ರು ಮೇಷ್ಟ್ರು. ನೋಡೋಕೆ ಆಟೋದಲ್ಲಿ ಬಂದ ಅವರ ಹೆಂಡತಿ, ಮೇಡಂ, ಸೀರೆ ಹಿಡ್ಕೊಂಡು ಕಾಲೆತ್ತಿದ್ರು. ಎಟುಕಲಿಲ್ಲ.

"ರೀ, ಜೀಪು ಎತ್ತಿಸಿದ್ದಾಯ್ತಲ್ಲ, ಈಗ ನನ್ನ ಎತ್ತಿ."

ಮೇಷ್ಟ್ರು ನನ್ನ ಕಿವಿಯಲ್ಲಿ, "ನಿನ್ನ ಜಾಕು ಎಷ್ಟು ಭಾರ ತಡೆಯುತ್ತೆ?"

೨. ಮರಳು

ಎರಡೇ ದಿನಕ್ಕೆ ಮೇಷ್ಟ್ರು ಸೊಂಟ ಹಿಡ್ಕೊಂಡು ಬಂದ್ರು. "ಹಿಂಭಾಗ ಕತ್ತೆ ಥರ ಒದೆಯುತ್ತೆ!"

"ಪಟ್ಟಿ ಬಿಗಿ ಆಯ್ತು, ಹಿಂದೆ ಭಾರ ಇಲ್ಲ ಸಾರ್. ಒಂದೊಂದು ಪಟ್ಟಿ ತೆಗೀಲಾ?"

"ಕುಳ್ಳಗಾಗುತ್ತಲ್ಲ!" ಅಂದವರೇ ಮನೆಗೆ ಹೋಗಿ, ತಾವೇ ನಾಲ್ಕು ಚೀಲ ಮರಳು ಹೇರ್ಕೊಂಡ್ರು. ಆಲ್ಕೊಳ ಸರ್ಕಲ್ಲಲ್ಲಿ ಪೊಲೀಸರು ಕೈ ಅಡ್ಡ ಹಾಕಿದ್ರಂತೆ.

"ಮರಳು ಎಲ್ಲಿಂದ?"

"ಮನೆಯಿಂದ."

"ಎಲ್ಲಿಗೆ?"

"ಮನೆಗೇ."

"ಓಹೋ, ಮರಳಿಗೆ ವಾಕಿಂಗಾ?"

೩. ಢಬ್

ಮರಳು ಇಳಿಸಿ ಒಂದೊಂದು ಪಟ್ಟಿ ತೆಗೆಸಿದ್ರು. ಆದರೂ ಹಂಪು ಇಳಿದಾಗಲೆಲ್ಲ ಹಿಂದೆ ಢಬ್ ಅನ್ನೋ ಶಬ್ದ. ಅಷ್ಟರಲ್ಲಿ ಸುದ್ದಿ ಮುಟ್ಟಿ ಭದ್ರಾವತಿಯಿಂದ ಮಾವ ಬಂದೇಬಿಟ್ರು. "ನನ್ನ ಜೀಪಿಗೆ ಏನ್ ಮಾಡಿದ್ರಿ? ನಾನೇ ಹಿಂದೆ ಕೂತು ಕೇಳ್ತೀನಿ. ವಾಪಸ್ ತಗೊಂಡು ಹೋಗ್ಬೇಕಾ ಅಂತ ಆಮೇಲೆ ಹೇಳ್ತೀನಿ."

ಎಲ್ಲರೂ ಜೀಪು ಹತ್ತಿದ್ವಿ. ಮೇಷ್ಟ್ರು ಓಡಿಸ್ತಿದ್ರು, ಪಕ್ಕದಲ್ಲಿ ನಾನು, ಹಿಂದೆ ಅಪ್ಪ ಮಗಳು. ಮುಂದೆ ಹಂಪು ಕಂಡಿದ್ದೇ ಮಾವ ಅಳಿಯನ ಹೆಗಲ ಮೇಲೆ ಬಗ್ಗಿ, "ನಿಧಾ..." ಅಂತ ಬಾಯಿ ತೆರೆದ್ರು. ಢಬ್! ಮೇಷ್ಟ್ರು ಬ್ರೇಕ್ ಒತ್ತಿ ಕಿರುಚಿದ್ರು, "ಅಯ್ಯೋ! ಅಂಗಿ ಒಳಗೆ ಏನೋ ಕಚ್ಚಿತು!"

ಕಾಲರಿನೊಳಗೆ ಕೈ ಹಾಕಿ ತೆಗೆದ್ರೆ ಮಾವನ ಹಲ್ಲು ಸೆಟ್ಟು. ಬಾಯಿ ಮುಚ್ಚಿಕೊಂಡಿದ್ದ ಮಾವನೇ ಮೊದಲು ನಕ್ಕಿದ್ದು.

ತಪ್ಪು ನನ್ನದೇ. ಜೀಪು ಎತ್ತರಿಸಿ ಹಳೇ ಗಿಡ್ಡ ಶಾಕ್ ಅಬ್ಸಾರ್ಬರನ್ನೇ ಬಿಟ್ಟಿದ್ದೆ, ಹಂಪು ಇಳಿದಾಗ ಅದು ಉದ್ದ ಸಾಲದೆ ಢಬ್ ಅಂತ ಎಳೀತಿತ್ತು. ಅವತ್ತೇ ಉದ್ದದ್ದು ಹಾಕಿದೆ, ಶಬ್ದ ನಿಂತಿತು. ಮಾವ ಹಲ್ಲು ತೊಳೆದು ಹಾಕ್ಕೊಂಡು, "ಜೀಪು ಇವರ ಹತ್ರಾನೇ ಇರ್ಲಿ" ಅಂದ್ರು.

ಮೇಷ್ಟ್ರು ಇನ್ನೂ ಬೆನ್ನು ಉಜ್ಜಿಕೊಳ್ತಿದ್ರು. ಮೇಡಂ ಸಮಾಧಾನ ಮಾಡಿದ್ರು: "ಬಿಡಿ ಅತ್ಲಾಗೆ. ಮದುವೆ ಆದಾಗಿಂದ ನಮ್ಮಪ್ಪ ನಿಮ್ಮ ಮೇಲೆ ಹಲ್ಲು ಮಸೀತಾನೇ ಇದ್ರು. ಇವತ್ತು ಕಚ್ಚಿ ಮುಗಿಸಿದ್ರು."